ಪಾತ್ರೆಯ ಕಂಠಕ್ಕಂಟಿದ ಸೊಪ್ಪು



ನಮ್ಮ ಅಜ್ಜಿ ರಾತ್ರಿ ಅನ್ನದ ಪಾತ್ರೆಯನ್ನು ಪೂರ್ತಿ ಬಳಿದು ಬರಿದು ಮಾಡುತ್ತಿರಲಿಲ್ಲ. ಮನೆಯಲ್ಲಿ ಅಕ್ಕಿಗೆ ಎಷ್ಟೇ ತತ್ವಾರವಿರಲಿ, ತಳದಲ್ಲಿ ನಾಲ್ಕು ಅಗುಳಾದರೂ ಉಳಿಸಿ, ಮೇಲೊಂದು ತಟ್ಟೆ ಮುಚ್ಚಿ ಮಲಗುತ್ತಿದ್ದಳು. ಯಾಕಜ್ಜಿ ಎಂದರೆ, "ಹೊತ್ತಲ್ಲದ ಹೊತ್ನಲ್ಲಿ ಆ ಪುಣ್ಯಾತ್ಮ ಬಂದ್ಬಿಟ್ರೆ ಏನ್ ಕೊಡ್ಲಿ?" ಎನ್ನುವಳು. ಪುಣ್ಯಾತ್ಮ ಎಂದರೆ ಅವಳ ಪಾಲಿಗೆ ಕೃಷ್ಣ. ಅಕ್ಷಯ ಪಾತ್ರೆಯ ಕಥೆಯನ್ನು ನಾನು ಮೊದಲು ಕೇಳಿದ್ದೂ ಅವಳಿಂದಲೇ.

ಕಥೆ ನಿಮಗೆಲ್ಲ ಗೊತ್ತು. ಪಾಂಡವರು ಕಾಮ್ಯಕವನದಲ್ಲಿದ್ದಾರೆ. ಸೂರ್ಯ ಕೊಟ್ಟ ಪಾತ್ರೆಯಲ್ಲಿ ದ್ರೌಪದಿ ಉಣ್ಣುವ ತನಕ ಅನ್ನ ಬತ್ತುವುದಿಲ್ಲ, ಅವಳು ಉಂಡ ಮೇಲೆ ಆ ದಿನಕ್ಕೆ ಏನೂ ಇಲ್ಲ. ದುರ್ಯೋಧನ ಲೆಕ್ಕ ಹಾಕಿ ಆ ಹೊತ್ತಿಗೇ ದೂರ್ವಾಸರನ್ನು ಕಳಿಸುತ್ತಾನೆ, ಹತ್ತು ಸಾವಿರ ಶಿಷ್ಯರ ಸಮೇತ. ಅವರೆಲ್ಲ ಸ್ನಾನಕ್ಕೆಂದು ನದಿಗೆ ಹೋಗಿದ್ದಾರೆ. ಇತ್ತ ಖಾಲಿ ಪಾತ್ರೆಯ ಮುಂದೆ ದ್ರೌಪದಿ ಕೃಷ್ಣನನ್ನು ನೆನೆಯುತ್ತಾಳೆ. ಅವನು ಓಡೋಡಿ ಬರುತ್ತಾನೆ.

ಬಂದವನು 'ಹೆದರಬೇಡ ತಂಗಿ' ಎನ್ನಲಿಲ್ಲ. ತನಗೆ ಹಸಿವಾಗಿದೆ, ಮೊದಲು ಊಟಕ್ಕೆ ಹಾಕು ಎಂದ!

ಚಿಕ್ಕಂದಿನಲ್ಲಿ ಈ ಮಾತಿಗೆ ನಗು ಬರುತ್ತಿತ್ತು. ಈಗ ಮನಸ್ಸು ಇಲ್ಲೇ ನಿಲ್ಲುತ್ತದೆ. ದೇವರನ್ನು ಕರೆಯಬೇಕಾದರೆ ನಾವು ಅಂಗಳ ಸಾರಿಸಿ, ರಂಗೋಲಿ ಹಾಕಿ, ನೈವೇದ್ಯ ಅಣಿ ಮಾಡಿಕೊಳ್ಳುತ್ತೇವೆ. ಕಷ್ಟ ಬಂದಾಗ ಇದ್ಯಾವುದೂ ಇರುವುದಿಲ್ಲ. ಮನೆಯೂ ಚೊಕ್ಕಟವಿಲ್ಲ, ಮನಸ್ಸೂ ನೆಟ್ಟಗಿಲ್ಲ. ಈ ಸ್ಥಿತಿಯಲ್ಲಿ ಯಾವ ಪೂಜೆ, ಎಂಥ ಪ್ರಾರ್ಥನೆ ಎಂದು ನಾವೇ ಬಾಗಿಲು ಮುಚ್ಚಿಕೊಳ್ಳುತ್ತೇವೆ. ದ್ರೌಪದಿಗೂ ಹಾಗೇ ಆಗಿರಬೇಕು. ಅವನಾದರೋ ಬಿಡಲಿಲ್ಲ, ಪಾತ್ರೆ ತರಿಸಿದ. ಅದರ ಕಂಠಕ್ಕೆ ಅಂಟಿದ್ದ ಚೂರು ಸೊಪ್ಪು, ಒಂದಗುಳು ಅನ್ನವನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ. ಅತ್ತ ನದಿಯಲ್ಲಿದ್ದವರಿಗೆಲ್ಲ ತೇಗು ಬಂತು. ಏನೂ ಇಲ್ಲ ಎಂದು ಅವಳು ಅಂದುಕೊಂಡಿದ್ದ ಕಡೆ ಅವನಿಗೆ ಬೇಕಾದಷ್ಟು ಇತ್ತು.

ಕೆಲವು ವರ್ಷಗಳ ಹಿಂದೆ ಅಪ್ಪ ಐಸಿಯುನಲ್ಲಿದ್ದರು. ಹೊರಗೆ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಅಮ್ಮ ಗೋಡೆಗೊರಗಿ ಕೂತಿದ್ದಳು. ತುಟಿ ಅಲುಗುತ್ತಲೇ ಇತ್ತು. ರಾತ್ರಿ ಎರಡರ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು, "ಅಮ್ಮಾ, ಬಿಸ್ನೀರು ಒಸಿ ಇದ್ರೆ ಕೊಡ್ತೀರಾ? ಹಾಲಿನ ಪುಡಿ ಕಲಸ್ಬೇಕು" ಎಂದಳು. ಫ್ಲಾಸ್ಕಿನಲ್ಲಿ ಅರ್ಧ ಲೋಟವೂ ಇರಲಿಲ್ಲ. ಅಮ್ಮ ಅದನ್ನೇ ಬಗ್ಗಿಸಿದಳು, ಕೊನೆಯ ಹನಿ ಬೀಳುವ ತನಕ ಫ್ಲಾಸ್ಕನ್ನು ತಲೆಕೆಳಗಾಗಿ ಹಿಡಿದಿದ್ದಳು. ಕೂಸು ಹಾಲು ಕುಡಿದು ಅಮ್ಮನ ತೊಡೆಯ ಮೇಲೇ ನಿದ್ದೆ ಹೋಯಿತು. ಬೆಳಿಗ್ಗೆ ನಾನು ಹೋದಾಗ ಅವಳ ಮುಖದಲ್ಲಿ ಹಿಂದಿನ ದಿನದ ಗಾಬರಿ ಇರಲಿಲ್ಲ. "ರಾತ್ರಿಯೆಲ್ಲಾ ಬಾರಪ್ಪಾ ಬಾರಪ್ಪಾ ಅಂತ ಕರೀತಿದ್ದೆ ಕಣೋ. ಬಂದ. ಬಿಸಿನೀರು ಕೇಳ್ದ" ಎಂದಳು.

ಅಪ್ಪ ಉಳಿಯಲಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಸುಳ್ಳಾದೀತು. ದೇವರನ್ನು ನಂಬಿದವರ ಮನೆಯಲ್ಲೂ ಸಾವಾಗುತ್ತದೆ. ಕಾಡಿನಲ್ಲಿ ಮಾನ ಉಳಿಸಿಕೊಂಡ ಅದೇ ದ್ರೌಪದಿ, ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮನಿಂದ ಐವರು ಮಕ್ಕಳನ್ನು ಕಳೆದುಕೊಂಡಳು. ಕೃಷ್ಣ ಅವಳ ಕಡೆಯವನೇ ಆಗಿದ್ದರೂ ಹಾಗಾಯಿತು. ಇಷ್ಟೆಲ್ಲ ಕಂಡ ಮೇಲೆ, ಕೃಷ್ಣ ದ್ವಾರಕೆಗೆ ಹೊರಟು ನಿಂತಾಗ ಕುಂತಿ ಬೇಡಿದ್ದನ್ನು ಭಾಗವತದ ಮೊದಲ ಸ್ಕಂಧದಲ್ಲಿ ಓದುತ್ತೇವೆ. ಅವಳು ಸುಖ ಬೇಡಲಿಲ್ಲ, ವಿಪತ್ತುಗಳೇ ಬರುತ್ತಿರಲಿ ಎಂದಳು. ಅರಗಿನ ಮನೆಯಲ್ಲಿ, ಕಾಡಿನಲ್ಲಿ, ರಣರಂಗದಲ್ಲಿ ಅವನು ಜೊತೆಗಿದ್ದ. ರಾಜ್ಯ ಕೈಗೆ ಬಂದ ದಿನ ಹೊರಟು ನಿಂತಿದ್ದಾನೆ. ಅವಳಿಗೆ ಅದೊಂದೇ ಸಂಕಟ. ಕುಂತಿಯ ಹಾಗೆ ಕೇಳುವ ಎದೆಗಾರಿಕೆ ನನಗಿಲ್ಲ. ಆದರೆ ಕಷ್ಟವೆಂದರೆ ದೇವರು ಬಿಟ್ಟುಹೋದ ಗುರುತು ಎಂದು ಯಾರಾದರೂ ಹೇಳಿದರೆ ಈಗ ನಾನು ಒಪ್ಪುವುದಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ರಾತ್ರಿ, ಅಮ್ಮ ಒಬ್ಬಳೇ ಅಡುಗೆಮನೆ ಒರೆಸುತ್ತಿದ್ದಳು. ನೀರು ಕುಡಿಯಲೆಂದು ಒಳಗೆ ಹೋದೆ. ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದಳು. ಅನ್ನದ ಪಾತ್ರೆ ಮಾತ್ರ ಕಟ್ಟೆಯ ಮೇಲೆ, ತಟ್ಟೆ ಮುಚ್ಚಿಕೊಂಡು ಕೂತಿತ್ತು.