ಹಣ ಹಿಂದೆ ಬರಲಿ, ಹೆಂಗಸರು ಮುಂದೆ ನಡೆಯಲಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಕಡೆಯ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಬೀಡಿಯ ಲೆಕ್ಕ, ದನದ ಹುಲ್ಲು, ಮಕ್ಕಳ ಊಟ ಎಲ್ಲವನ್ನೂ ಹೇಗೋ ಹೊಂದಿಸಿಕೊಂಡು ನೀವು ಇಷ್ಟು ಮಂದಿ ಬಂದಿದ್ದೀರಿ. ವರದಕ್ಷಿಣೆ ಕೆಟ್ಟದ್ದು, ಹೆಂಡತಿಗೆ ಹೊಡೆಯುವುದು ತಪ್ಪು ಎಂದು ನಿಮಗೆ ಉಪದೇಶ ಮಾಡಲು ನಾನು ನಿಂತಿಲ್ಲ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಸಂಘಟಕರು ನನಗೆ ಕೊಟ್ಟ ವಿಷಯ ಬೇರೆ. ಈ ಪಿಡುಗಿನ ವಿರುದ್ಧ ನಾವು ಮಾಡುವ ಕೆಲಸಕ್ಕೆ ಹೊರಗಿನಿಂದ ಹಣ ಬರುತ್ತದೆ. ದಾನಿಗಳಿಂದ, ಟ್ರಸ್ಟುಗಳಿಂದ, ಕಂಪೆನಿಗಳಿಂದ, ಸರ್ಕಾರದಿಂದ ಬರುತ್ತದೆ. ಆ ಹಣ ಹೇಗೆ ಬಂದರೆ ಉಪಕಾರ, ಹೇಗೆ ಬಂದರೆ ಉಪದ್ರ ಎಂಬುದನ್ನು ನಾವೇ ಕೂತು ಯೋಚಿಸಬೇಕಾಗಿದೆ.

ಮೊದಲು ನಮ್ಮ ಊರಿನ ಸ್ಥಿತಿಯನ್ನು ನೋಡೋಣ. ತುಳುನಾಡಿನ ಅನೇಕ ಸಮುದಾಯಗಳಲ್ಲಿ ಅಳಿಯಕಟ್ಟು ಇತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು. ಯಜಮಾನಿಕೆ ಹೆಚ್ಚಾಗಿ ಗಂಡಸರ ಕೈಯಲ್ಲೇ ಇತ್ತು, ನಿಜ. ಆದರೂ ಗಂಡನ ಮನೆಯಲ್ಲಿ ಬಾಳಲಾಗದ ಹೆಣ್ಣಿಗೆ ತಾಯಿಮನೆಯ ಬಾಗಿಲು ಹಕ್ಕಿನಿಂದಲೇ ತೆರೆದಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದವು, ಕೂಡುಕುಟುಂಬಗಳು ಪಾಲಾದವು. ಇಂದು ಅಂಥ ಮನೆಗಳಲ್ಲೂ ಸಂಬಂಧ ಕೇಳಲು ಬಂದವರ ಮೊದಲ ಮಾತು ‘ಎಷ್ಟು ಪವನ್?’ ಎಂಬುದೇ ಆಗಿದೆ. ಶಾಲೆ ಬಿಟ್ಟು ಬೀಡಿಗೆ ಕೂತ ಹುಡುಗಿ ಎಲೆ ಹೊಗೆಸೊಪ್ಪಿನ ಜೊತೆ ತನ್ನ ಮದುವೆಯ ಚಿನ್ನವನ್ನೂ ತಾನೇ ಕಟ್ಟುತ್ತಾಳೆ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ಇಲ್ಲಿ ಕೂತ ಒಂದೊಂದು ಬೆಂಚಿನಲ್ಲೂ ಎಷ್ಟು ಮಂದಿ ಆಗುತ್ತದೆ, ನೀವೇ ಎಣಿಸಿ.

ಇಂಥ ಊರಿಗೆ ದಾನ ಹೊಸತೇನಲ್ಲ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ವರದಕ್ಷಿಣೆ ಮತ್ತು ಮದುವೆಯ ದುಂದುವೆಚ್ಚವನ್ನು ತಪ್ಪಿಸುವುದು ಅದರ ಉದ್ದೇಶ. ಸಾಲ ಮಾಡದೆ ಮಗಳ ಮದುವೆ ಮಾಡಿದ ಬಡ ತಂದೆತಾಯಿಗೆ ಅದರ ಬೆಲೆ ಗೊತ್ತು. ಆದರೆ ಬೇಡಿಕೆ ಮದುವೆಯ ದಿನಕ್ಕೇ ಮುಗಿಯುವುದಿಲ್ಲ. ಮೊದಲ ದೀಪಾವಳಿಗೆ, ಬಾಣಂತನಕ್ಕೆ, ಗಂಡನ ಬೈಕಿಗೆ, ನಾದಿನಿಯ ಮದುವೆಗೆ ಎಂದು ಅದು ಬೆಳೆಯುತ್ತ ಹೋಗುತ್ತದೆ. ಮದುವೆಯ ದಿನದ ಖರ್ಚನ್ನು ದಾನಿ ಹೊರಬಹುದು. ಮೂರನೆಯ ವರ್ಷದ ಒಂದು ರಾತ್ರಿ ಅಂಗಳಕ್ಕೆ ತಳ್ಳಲ್ಪಟ್ಟ ಹುಡುಗಿಯ ಕೂಗು ಕೇಳುವುದು ನೆರೆಮನೆಯ ಹೆಂಗಸಿಗೆ. ಆ ಹೆಂಗಸು ಬಾಗಿಲು ತೆರೆಯುವ ಧೈರ್ಯ ಮಾಡಬೇಕಾದರೆ ಅವಳ ಹಿಂದೆ ಒಂದು ಸಂಘ ಇರಬೇಕು.

ಬೆಳ್ತಂಗಡಿ ತಾಲೂಕಿನಲ್ಲೇ 1982ರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಅದರ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿದರು. ಅಲ್ಲಿ ಮೊದಲ ಬಂಡವಾಳ ದಾನಿಯ ಹಣವಲ್ಲ, ನೆರೆಯವರ ದುಡಿಮೆ. ಮದ್ಯವರ್ಜನ ಶಿಬಿರಗಳನ್ನೂ ನೀವು ಕಂಡಿದ್ದೀರಿ. ಊರವರೇ ಸಮಿತಿ ಮಾಡಿ, ಅಕ್ಕಿ ತೆಂಗಿನಕಾಯಿ ಕೂಡಿಸಿದ ಕಡೆ ಶಿಬಿರ ಊರಿನದಾಗುತ್ತದೆ. ಶಿಬಿರ ಒಂದು ವಾರದ್ದು. ಕುಡಿತ ಬಿಟ್ಟವರ ನವಜೀವನ ಸಮಿತಿ ವರ್ಷಗಟ್ಟಲೆ ಕೂಡಬೇಕು. ಒಂದು ಮಾತು ಇಲ್ಲೇ ಹೇಳುತ್ತೇನೆ: ಕುಡಿಯದ ಗಂಡಸರೂ ಹೊಡೆಯುತ್ತಾರೆ. ಕುಡಿತ ಬಿಡಿಸಿದರೆ ಹಿಂಸೆಯ ಅರ್ಧ ದಾರಿಯೂ ಸವೆಯುವುದಿಲ್ಲ.

ನಿಮ್ಮ ಸ್ವಸಹಾಯ ಗುಂಪೂ ಒಬ್ಬ ದಾನಿ ಕೊಟ್ಟ ಉಡುಗೊರೆಯಲ್ಲ. ಈ ಚರಿತ್ರೆ ನಿಮಗೆ ಗೊತ್ತಿರಬೇಕು. ಕಿರಿಹಣ ಕೂಡಿಸುವುದು ನಮ್ಮ ಕರಾವಳಿಗೆ ಹಳೆಯ ಅಭ್ಯಾಸ. 1928ರಲ್ಲೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬುವ ಕೆಲವರು ಸಣ್ಣ ಸಣ್ಣ ಗುಂಪುಗಳಾಗಿ ಉಳಿದರು. ಸ್ವಂತ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಂಡರು. 1987ರಲ್ಲಿ ನಬಾರ್ಡ್ ಆ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹೊರಟಿತು. ಅನುಕ್ರಮವನ್ನು ಗಮನಿಸಿ. ಮೊದಲು ಜನ ಕೂಡಿದರು. ಆಮೇಲೆ ನಿಯಮ ಮಾಡಿಕೊಂಡರು. ಹಣ ಬಂದದ್ದು ಮೂರನೆಯದಾಗಿ. ಒಳ್ಳೆಯ ದಾನಿ ಮಾಡಬೇಕಾದ್ದು ಇದನ್ನೇ: ಜನ ಈಗಾಗಲೇ ನಡೆಯುತ್ತಿರುವ ದಾರಿಯನ್ನು ನೋಡಿ, ಆ ದಾರಿಗೆ ಕಲ್ಲು ಹಾಸುವುದು.

ಅನುಕ್ರಮ ತಿರುಗಿದರೆ ಏನಾಗುತ್ತದೆ? ನಾನು ಹತ್ತಿರದಿಂದ ಕಂಡ ಒಂದು ಸಂಗತಿ ಹೇಳುತ್ತೇನೆ. ಹೆಸರು, ಊರು ಬೇಡ. ಒಂದು ಸಂಸ್ಥೆ ಕೌಟುಂಬಿಕ ಹಿಂಸೆಯ ಕೆಲಸಕ್ಕೆಂದು ಒಂದು ವರ್ಷದ ಹಣ ಕೊಟ್ಟಿತು. ಜೊತೆಗೆ ಒಂದು ಫಾರಂ ಬಂತು. ಅದರಲ್ಲಿ ಮೂರು ಕಾಲಂ: ಬಂದ ಪ್ರಕರಣ, ರಾಜಿಯಾದ ಪ್ರಕರಣ, ಬಾಕಿ ಪ್ರಕರಣ. ಸಂಘಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ಗಂಡನನ್ನು ಕರೆದು ಬುದ್ಧಿ ಹೇಳಿ ಕಳುಹಿಸಿದರು. ಒಂದು ರಾಜಿ. ಐದು ತಿಂಗಳ ಮೇಲೆ ಕೈ ಮುರಿದುಕೊಂಡು ಬಂದಳು. ವರ್ಷದ ಕೊನೆ ಹತ್ತಿರವಿತ್ತು, ವರದಿ ಕಳುಹಿಸಬೇಕಿತ್ತು. ಮತ್ತೆ ಒಂದು ರಾಜಿ. ಆ ಸಂಘದ ಕಾರ್ಯದರ್ಶಿ ಫಾರಂ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೇಳಿದಳು: “ಇದರಲ್ಲಿ ಎಂತ ಬರೆಯುವುದು ಟೀಚರ್? ಅವಳಿಗೆ ಒಳ್ಳೆಯದಾಯಿತಾ ಅಂತ ಕೇಳುವ ಕಾಲಂ ಇಲ್ಲವಲ್ಲ.”

ಆ ಪ್ರಶ್ನೆಗಿಂತ ಹೆಚ್ಚಿನದನ್ನು ಯಾವ ತಜ್ಞರೂ ನನಗೆ ಕಲಿಸಿಲ್ಲ. ರಾಜಿಯನ್ನು ಯಶಸ್ಸೆಂದು ಎಣಿಸುವ ಹಣ, ಹೆಣ್ಣನ್ನು ಹೊಡೆಯುವ ಕೈಗೇ ಮರಳಿ ಒಪ್ಪಿಸುತ್ತದೆ. ಕೊಟ್ಟವರಿಗೆ ಆ ಉದ್ದೇಶ ಇಲ್ಲದಿರಬಹುದು, ಕಾಲಂ ಆ ಕೆಲಸ ಮಾಡಿಸುತ್ತದೆ. ವರ್ಷ ಮುಗಿಯಿತು, ಹಣ ನಿಂತಿತು. ಅವಳು ಮೂರನೆಯ ಸಲ ಬಂದದ್ದು ಆಮೇಲೆ. ಆಗ ಸಂಘದವರು ತಡವಾಗಿ ಬಂದವರಿಂದ ಸಂಗ್ರಹಿಸಿದ ದಂಡದ ಹಣದಲ್ಲಿ ಬಸ್ಸು ಹತ್ತಿಸಿ, ಸರದಿಯಂತೆ ಬೀಡಿಯ ಕೆಲಸ ಬಿಟ್ಟು, ಅವಳೊಂದಿಗೆ ಕೋರ್ಟಿಗೆ ಅಲೆದರು. ಇಂದು ಅವಳು ಅದೇ ಮನೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶದ ಬಲದಿಂದ ಬೇರೆ ಒಲೆ ಹೂಡಿ ಇದ್ದಾಳೆ. ಮಗಳು ಶಾಲೆಗೆ ಹೋಗುತ್ತಾಳೆ. ಇದಕ್ಕೆ ನಾಲ್ಕು ವರ್ಷ ಹಿಡಿಯಿತು. ನಾಲ್ಕು ವರ್ಷದ ಕೆಲಸ ಒಂದು ವರ್ಷದ ಫಾರಮಿನಲ್ಲಿ ಹಿಡಿಸುವುದಿಲ್ಲ.

ಕಾನೂನು ಈ ಕೆಲಸಕ್ಕೆ ಅಡ್ಡ ಬರುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮನೆ ಯಾರ ಹೆಸರಿನಲ್ಲಿದ್ದರೂ ತಾನು ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಅದು ಹೆಣ್ಣಿಗೆ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ನೀವು ಬಾಯಿಪಾಠ ಮಾಡಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೆಯ ಕಲಮು. ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪ್ರತಿ ಹೆಣ್ಣಿನ ಹಕ್ಕು. 181ಕ್ಕೆ ಫೋನ್ ಮಾಡಲು ಹಣ ಬೇಡ. ಕೊರತೆ ಇರುವುದು ಹೆಂಗಸಿನ ಮನೆಯಂಗಳಕ್ಕೂ ಆ ಕಚೇರಿಗೂ ನಡುವಿನ ದಾರಿಯಲ್ಲಿ. ರಾತ್ರಿ ಆಟೋ, ಆಸ್ಪತ್ರೆಯ ಚೀಟಿಯ ಜೆರಾಕ್ಸ್, ಜೊತೆಗೆ ಹೋದವಳ ಆ ದಿನದ ಕೂಲಿ, ಎರಡು ರಾತ್ರಿ ಮಲಗಲು ಒಂದು ಜಾಗ, ಮಗುವಿಗೆ ಹಾಲು. ಬಜೆಟಿನಲ್ಲಿ ಬ್ಯಾನರಿಗೆ, ಹಾಲಿನ ಬಾಡಿಗೆಗೆ, ಅತಿಥಿಗಳ ಊಟಕ್ಕೆ ಜಾಗ ಇರುತ್ತದೆ. ಈ ದಾರಿಖರ್ಚಿಗೆ ಇರುವುದಿಲ್ಲ.

ದೊಡ್ಡ ಹಣ ನಮ್ಮ ತನಕ ಏಕೆ ಬರುವುದಿಲ್ಲ ಎಂದು ನೀವು ಕೇಳಬಹುದು. 2013ರ ಕಂಪೆನಿ ಕಾಯಿದೆಯ ಪ್ರಕಾರ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅದು ನೋಂದಾಯಿತ ಸಂಸ್ಥೆಗಳಿಗೆ ಹೋಗುತ್ತದೆ. ಶಾಲೆಯ ಕಟ್ಟಡವಾದರೆ ಹೆಸರಿನ ಕಲ್ಲು ಹಾಕಬಹುದು, ಒಬ್ಬ ಹೆಂಗಸಿನ ಧೈರ್ಯದ ಮೇಲೆ ಕಲ್ಲು ಹಾಕಲಾಗುವುದಿಲ್ಲ. ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ, ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20 ಮೀರುವಂತಿಲ್ಲ. ಬೆಂಗಳೂರಿಗೆ ಬಂದ ಹಣ ಬೆಳ್ತಂಗಡಿಗೆ ಇಳಿಯುವ ಮೆಟ್ಟಿಲೇ ಇದರಿಂದ ಕಿತ್ತುಹೋಯಿತು. ಹಾಗಾಗಿ ನಮ್ಮ ಜಿಲ್ಲೆಯಲ್ಲೇ ಇರುವ, ಊರಿನ ಮೇಲೆ ಋಣ ಇರುವ ದಾನಿಗಳ ಜವಾಬ್ದಾರಿ ಹೆಚ್ಚಾಗಿದೆ. ಮುಂಬಯಿಯಲ್ಲಿ ಹೋಟೆಲು ನಡೆಸಿ, ಕೊಲ್ಲಿಯಲ್ಲಿ ದುಡಿದು, ಊರಿನ ದೈವಸ್ಥಾನಕ್ಕೆ, ಬಸದಿಗೆ, ಮಸೀದಿಗೆ, ಇಗರ್ಜಿಗೆ ಕೈಬಿಚ್ಚಿ ಕೊಡುವವರು ನಮ್ಮಲ್ಲೇ ಇದ್ದಾರೆ. ಅವರ ಹತ್ತಿರ ನಾವು ಕೇಳಿದ್ದು ಕಡಿಮೆ.

ಹಣ ಕೊಟ್ಟೂ ದಾರಿಯನ್ನು ಜನರಿಗೆ ಬಿಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1989ರಲ್ಲಿ ಬಿಜಾಪುರ, ಮೈಸೂರು, ಬೀದರ್ ಜಿಲ್ಲೆಗಳಲ್ಲಿ ಮಹಿಳಾ ಸಮಖ್ಯಾ ಆರಂಭವಾಯಿತು. ಆರಂಭದ ವರ್ಷಗಳಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಹಣ ಇತ್ತು. ಇಷ್ಟು ತಿಂಗಳಲ್ಲಿ ಇಷ್ಟು ಸಂಘ ಎಂಬ ಗುರಿ ಇರಲಿಲ್ಲ. ಸಹಯೋಗಿನಿ ಹಳ್ಳಿ ಹಳ್ಳಿಗೆ ಹೋಗಿ ಕೂತು ಮಾತಾಡುತ್ತಿದ್ದಳು. ನೀರು, ಕೂಲಿ, ಕುಡುಕ ಗಂಡ, ದೇವದಾಸಿ ಪದ್ಧತಿ, ಯಾವುದನ್ನು ಮೊದಲು ಹಿಡಿಯಬೇಕೆಂದು ಹೆಂಗಸರೇ ತೀರ್ಮಾನಿಸುತ್ತಿದ್ದರು. ಅಂಥ ಸಂಘಗಳಿಂದಲೇ ನಾರಿ ಅದಾಲತುಗಳು ಹುಟ್ಟಿದವು. 2016ರಲ್ಲಿ ಕೇಂದ್ರ ಸರ್ಕಾರ ಆ ಯೋಜನೆಗೆ ಹಣ ನಿಲ್ಲಿಸಿತು. ಇದರಿಂದ ಎರಡು ಪಾಠ. ನಿಧಾನವಾಗಿ, ನಂಬಿಕೆಯಿಟ್ಟು ಕೊಟ್ಟ ಹಣ ಬೇರು ಬಿಡುತ್ತದೆ. ಎಷ್ಟೇ ಒಳ್ಳೆಯ ಹಣವೂ ಒಂದು ದಿನ ನಿಲ್ಲುತ್ತದೆ.

ಇನ್ನು ನಮ್ಮೊಳಗಿನ ಮಾತು. ಬ್ಯಾಂಕಿನ ಪುಸ್ತಕದಲ್ಲಿ ‘ದನ ಖರೀದಿ’ ಎಂದು ಬರೆದ ಸಾಲ ಚಿನ್ನದಂಗಡಿಗೆ ಹೋದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಮರುಪಾವತಿ ನೂರಕ್ಕೆ ನೂರು ಎಂದು ಗುಂಪಿಗೆ ಬಹುಮಾನ ಬಂದಿರುತ್ತದೆ. ಆ ಕಂತು ಕಟ್ಟುವವಳು ಮಗಳ ವರದಕ್ಷಿಣೆಯನ್ನೇ ವಾರವಾರ ಕಟ್ಟುತ್ತಿರುತ್ತಾಳೆ. ವಸೂಲಿಯ ಕಿರುಕುಳ ಎಷ್ಟು ಬೆಳೆದಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಮರುಪಾವತಿಯನ್ನು ಮಾತ್ರ ನೋಡುವ ದಾನಿಗೆ ಇದು ಕಾಣುವುದಿಲ್ಲ. ವಾರವಾರ ಎದುರು ಬದುರು ಕೂರುವ ನಮಗೆ ಕಾಣುತ್ತದೆ. ಕಂಡದ್ದನ್ನು ಸಭೆಯಲ್ಲಿ ಮಾತಾಡಬೇಕು. ಕಂತು ತಪ್ಪಿದವಳ ಮನೆಯೆದುರು ಕೂರುವ ಸಂಘ, ಪೆಟ್ಟು ತಿಂದವಳ ಮನೆಯೆದುರೂ ಕೂರಬೇಕು.

ಹಾಗಾದರೆ ಮುಂದೆ ಹಣ ಕೊಡಲು ಬಂದವರಿಗೆ ನಾವು ಏನು ಹೇಳೋಣ? ನಾನು ಐದು ಮಾತು ಬರೆದುಕೊಂಡಿದ್ದೇನೆ. ನೀವು ತಿದ್ದಿ.

ಒಂದು, ಯೋಜನೆ ಬರೆಯುವ ಮೊದಲು ನಮ್ಮ ಸಭೆಯಲ್ಲಿ ಮೂರು ಸಲ ಕೂತು ಕೇಳಿ. ಎರಡು, ಹೆಚ್ಚು ಹಣ ಬೇಡ, ಹೆಚ್ಚು ವರ್ಷ ಕೊಡಿ. ಒಂದು ವರ್ಷಕ್ಕೆ ಐದು ಲಕ್ಷಕ್ಕಿಂತ ಐದು ವರ್ಷ ಒಂದೊಂದು ಲಕ್ಷ ನಮಗೆ ಮೇಲು. ಮೂರು, ದಾರಿಖರ್ಚು, ಕೂಲಿ, ಆಶ್ರಯಕ್ಕೆ ಎಷ್ಟೆಷ್ಟು ಎಂಬುದನ್ನು ಸಂಘ ತೀರ್ಮಾನಿಸಲಿ. ಲೆಕ್ಕ ಪೈಸೆ ಪೈಸೆಗೂ ಕೊಡುತ್ತೇವೆ. ಲೆಕ್ಕ ಬರೆಯುವುದು ನಮಗೆ ಗೊತ್ತಿದೆ. ನಾಲ್ಕು, ರಾಜಿಯ ಕಾಲಂ ತೆಗೆಯಿರಿ. ಅವಳು ಸುರಕ್ಷಿತವಾಗಿದ್ದಾಳಾ, ತನಗೆ ಬೇಕಾದ್ದನ್ನು ತಾನೇ ಆರಿಸಿಕೊಂಡಳಾ ಎಂದು ಕೇಳಿ. ಅವಳ ಹೆಸರನ್ನೂ ಫೋಟೋವನ್ನೂ ಕೇಳಬೇಡಿ. ಐದು, ಹೋಗುವ ಒಂದು ವರ್ಷ ಮೊದಲೇ ಹೋಗುತ್ತೇವೆಂದು ಹೇಳಿ.

ನಮ್ಮ ಪಾಲಿಗೆ ಒಂದೇ ಮಾತು. ಪ್ರತಿ ಗುಂಪು ವಾರದ ಉಳಿತಾಯದ ಜೊತೆ ತಲಾ ಎರಡು ರೂಪಾಯಿ ಬೇರೆ ಡಬ್ಬಿಯಲ್ಲಿ ಇಡಲಿ. ಇಪ್ಪತ್ತು ಮಂದಿಯ ಗುಂಪಾದರೆ ವರ್ಷಕ್ಕೆ ಎರಡು ಸಾವಿರದ ಎಂಬತ್ತು ರೂಪಾಯಿ. ಹತ್ತು ಗುಂಪು ಸೇರಿದರೆ ಇಪ್ಪತ್ತು ಸಾವಿರ ದಾಟುತ್ತದೆ. ಅದು ಯಾವ ದಾನಿಯನ್ನೂ ಕೇಳದೆ, ಯಾವ ಫಾರಮನ್ನೂ ತುಂಬದೆ ನಡುರಾತ್ರಿ ಆಟೋ ಕರೆಯುವ ಹಣ. ಅಂಥ ಡಬ್ಬಿ ಇರುವ ಸಂಘ ದಾನಿಯ ಎದುರು ಕುರ್ಚಿಯಲ್ಲಿ ಕೂತು ಮಾತಾಡುತ್ತದೆ.

ಇಂದು ಮನೆಗೆ ಹೋಗುವ ಮೊದಲು ಗುಂಪು ಗುಂಪಾಗಿ ಕೂತು ಈ ಡಬ್ಬಿಯ ಬಗ್ಗೆ ತೀರ್ಮಾನ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದನ್ನೂ ಬರೆಯಿರಿ.