ಮುಲಾಮು ಹಚ್ಚುವ ಮೊದಲು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಸಾಲ ಕೊಟ್ಟು ಇಪ್ಪತ್ತೈದು ವರ್ಷ ನಿಮ್ಮ ಹೊಲ ಕಾಯ್ದ ಸಂಘ ಇದು. ಇಂದು ಇಲ್ಲಿ ನಿಂತು ನಾವು ಮೈಮೇಲಿನ ತೊಗಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ.

ನಮ್ಮ ಇಂಡಿ ಭಾಗದ ಬಿಸಿಲು, ಬೆವರು ನಿಮಗೆ ಗೊತ್ತೇ ಇದೆ. ತೊಡೆಸಂದಿ, ಸೊಂಟ, ಕಂಕುಳಲ್ಲಿ ದುಂಡಗೆ ಅಂಚು ಕಟ್ಟಿ ಕಡಿಯುವ ಹುಳುಕಡ್ಡಿ, ಅಂದರೆ ಗಜಕರ್ಣ, ಬಂದರೆ ನಮ್ಮ ಜನ ತೋರಿಸಲು ನಾಚುತ್ತಾರೆ. ಅಂಗಡಿಗೆ ಹೋಗಿ "ಕಡಿತಕ್ಕ ಒಂದು ಟ್ಯೂಬ್ ಕೊಡ್ರಿ" ಅಂತಾರೆ. ಎರಡು ದಿನಕ್ಕೆ ಕಡಿತ ನಿಲ್ಲುತ್ತದೆ. "ಭಾರೀ ಔಷಧ ಐತಿ" ಅಂತ ನೆರೆಯವರಿಗೂ ಕೊಡುತ್ತಾರೆ. ಹಚ್ಚುವುದು ಬಿಟ್ಟೊಡನೆ ರೋಗ ಇಮ್ಮಡಿಯಾಗಿ ಬರುತ್ತದೆ. ವೈದ್ಯರಾದ ನಮ್ಮ ಹತ್ತಿರ ಬರೋದು ಮನೆಮಂದಿಗೆಲ್ಲ ಹಬ್ಬಿದ ಮೇಲೆ!

ಯಾಕೆ ಹೀಗೆ? ಅಂಥ ಅನೇಕ ಮುಲಾಮುಗಳಲ್ಲಿ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್‌ನಂಥ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ಕಡಿತ ಅಡಗಿಸುತ್ತದೆ, ರೋಗದ ಬೂಷ್ಟನ್ನು ಕೊಲ್ಲುವುದಿಲ್ಲ. ಕರಕಿ ಮೇಲೆ ಕೊಯ್ದು ಬೇರು ಬಿಟ್ಟ ಹಾಗೆ. ಬಹಳ ದಿನ ಹಚ್ಚಿದರೆ ತೊಗಲು ತೆಳುವಾಗಿ, ತೊಡೆಯಲ್ಲಿ ಅಳಿಸಲಾಗದ ಗೆರೆ ಬೀಳುತ್ತವೆ. ಸ್ಟಿರಾಯ್ಡ್ ವಿಷವಲ್ಲ, ಬೇರೆ ಕೆಲವು ಚರ್ಮರೋಗಗಳಿಗೆ ಅದೇ ಔಷಧ. ಆದರೆ ಯಾವುದಕ್ಕೆ, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಮಾಡಿತು. ಕಾಯ್ದೆ ಬಂತು, ಚಾಳಿ ಹೋಗಲಿಲ್ಲ.

ಇನ್ನು ನಮ್ಮ ನಿಂಬೆಹಣ್ಣು. ಉಪ್ಪಿನಕಾಯಿಗೆ ಬಂಗಾರ, ಕಡಿತಕ್ಕೆ ಅದರ ರಸ ತಿಕ್ಕಿ ಹೊಲಕ್ಕೆ ಹೋಗಬೇಡಿ. ರಸದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ವೈದ್ಯರಿಗೆ ತೋರಿಸಿ. ಹಿಂದೆ ಹಚ್ಚಿದ ಟ್ಯೂಬ್ ಮುಚ್ಚಿಡದೆ ಒಯ್ಯಿರಿ. ಹುಳುಕಡ್ಡಿಗೆ ಕೊಟ್ಟ ಮುಲಾಮನ್ನು ಜಾಗ ತೊಳೆದು, ಒಣಗಿಸಿ, ಅಂಚಿನಿಂದ ಒಂದು ಬೆರಳಗಲ ಆಚೆವರೆಗೂ ಹಚ್ಚಿರಿ. ತೋರುಬೆರಳಿನ ತುದಿಗೆಣ್ಣಿನಷ್ಟು ಮುಲಾಮು ಎರಡು ಅಂಗೈಯಗಲಕ್ಕೆ ಸಾಕು. ಕಡಿತ ನಿಂತಿತೆಂದು ಬಿಡಬೇಡಿ. ಹೇಳಿದಷ್ಟು ವಾರ ಪೂರ್ತಿ ಮಾಡಿರಿ. ಒಬ್ಬರ ಟಾವೆಲ್ ಇನ್ನೊಬ್ಬರು ಬಳಸಬಾರದು. ಬಟ್ಟೆ ಬಿಸಿಲಲ್ಲಿ ಗರಿಗರಿ ಒಣಗಲಿ.

ರಾತ್ರಿ ಹೆಚ್ಚು ಕಡಿಯುವ, ಬೆರಳ ಸಂದಿಯ ತುರಿಕಜ್ಜಿ ಬೇರೆ. ಅದಕ್ಕೆ ಮನೆಮಂದಿಯೆಲ್ಲ ಒಂದೇ ರಾತ್ರಿ ಔಷಧ ಹಚ್ಚಬೇಕು. ಒಬ್ಬರು ಉಳಿದರೂ ಮತ್ತೆ ಬರುತ್ತದೆ. ಕಡಿಯದ, ಮುಟ್ಟಿದರೆ ತಿಳಿಯದ ಮಚ್ಚೆಗೆ ಮಾತ್ರ ಏನೂ ಹಚ್ಚಬೇಡಿ. ಅದು ಕುಷ್ಠವಿರಬಹುದು. ಸರ್ಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ. 6 ಇಲ್ಲವೆ 12 ತಿಂಗಳಲ್ಲಿ ಗುಣವಾಗುತ್ತದೆ. ತಡಮಾಡಿದರೆ ಕೈಕಾಲು ಊನವಾದೀತು.

ಬೆಳೆಗೆ ಎಣ್ಣಿ ಹೊಡೆಯುವಾಗ ರೋಗ ಯಾವುದು, ಪ್ರಮಾಣ ಎಷ್ಟು ಅಂತ ಹತ್ತು ಸಲ ಕೇಳುತ್ತೀರಿ. ನಿಮ್ಮ ಮೈಗೂ ಅಷ್ಟು ಕೇಳಿರಿ.