ಸಂಕ್ರಾಂತಿಗೆ ಉಳಿಯದ ರಕ್ತ

ಆದೋನಿ, ಆಲೂರು, ಕೌತಾಳಂ, ಮಂತ್ರಾಲಯ ಕಡೆಯಿಂದ ಬಂದೀರಿ, ಭಾಳ ಸಂತೋಷ.

ನವೆಂಬರ್ 1 ಬಂದ್ರೆ ನಾವೆಲ್ಲ ಒಟ್ಟಿಗೆ ಹೋಗಿ ರಕ್ತ ಕೊಡ್ತೀವಿ. ಆಮೇಲೆ ವರ್ಷವಿಡೀ ಮರೀತೀವಿ. ಆದ್ರೆ ರಾಜ್ಯೋತ್ಸವಕ್ಕೆ ಕೊಟ್ಟ ರಕ್ತ ಸಂಕ್ರಾಂತಿಗೆ ಉಳಿಯಲ್ಲ, ನೋಡ್ರಿ.

2ರಿಂದ 6 ಡಿಗ್ರಿ ತಂಪಿನಲ್ಲಿ ಕೆಂಪುಕಣಗಳು, ಚೀಲಕ್ಕೆ ಹಾಕಿದ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಬಾಳುತ್ತವೆ. ರೋಗಾಣುಗಳನ್ನು ನುಂಗುವ ಬಿಳಿಕಣಗಳು ಅಷ್ಟು ತಡೆಯಲ್ಲ. ಒಂದೆರಡು ದಿನದೊಳಗೇ ಅವುಗಳ ಶಕ್ತಿ ಕುಂದುತ್ತದೆ. ಆಮೇಲೆ ಸತ್ತು ಒಡೆದು, ತಮ್ಮೊಳಗಿನ ರಾಸಾಯನಿಕಗಳನ್ನು ಚೀಲದಲ್ಲೇ ಬಿಡುತ್ತವೆ. ರಕ್ತ ಏರಿಸುವಾಗ ಕೆಲವರಿಗೆ ಚಳಿಜ್ವರ ಬರೋದಕ್ಕೆ ಇದೂ ಒಂದು ಕಾರಣ. ಅದಕ್ಕೇ ಹಲವು ಕಡೆ ಶೇಖರಿಸುವ ಮೊದಲೇ ಬಿಳಿಕಣಗಳನ್ನು ಸೋಸಿ ತೆಗೀತಾರೆ.

ನಮ್ಮವರಿಗೆ ರಕ್ತ ಏರಿಸುವಾಗ ಮೈ ನಡುಗಿದ್ರೆ ಸುಮ್ನೆ ಕೂಡಬಾರದು. ಕನ್ನಡವೋ ತೆಲುಗೋ, ಬಂದ ಮಾತಿನಲ್ಲಿ ಕೂಡಲೇ ನರ್ಸಮ್ಮನಿಗೆ ಹೇಳ್ರಿ.

ಇನ್ನು ಮುಂದೆ ಎಲ್ಲರೂ ಒಂದೇ ದಿನ ಕೊಡೋದು ಬ್ಯಾಡ. 18 ತುಂಬಿದ, ಆರೋಗ್ಯ ಗಟ್ಟಿ ಇರೋ ಗಂಡುಮಕ್ಕಳು 3 ತಿಂಗಳಿಗೊಮ್ಮೆ, ಹೆಣ್ಣುಮಕ್ಕಳು 4 ತಿಂಗಳಿಗೊಮ್ಮೆ ಕೊಡಬಹುದು. ಊರೂರಿಗೆ ಸರದಿ ಹಚ್ಚೋಣ. ಹೆಸರು ಇವತ್ತೇ ಬರೆಸ್ರಿ.